ಹಲ್ಲಿಲ್ಲದ ಮಧುಮೇಹಿಗಳಲ್ಲಿ ಇಂಪ್ಲಾಂಟ್ ಆಧಾರಿತ ದಂತಪಂಕ್ತಿ

ಹಲ್ಲುಗಳೆಲ್ಲ ಹೋದ ಮೇಲೆ ದವಡೆಯ ಮೂಳೆ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಮೇಲ್ದವಡೆಗಿಂತ ಕೆಳದವಡೆಯಲ್ಲಿ ಈ ಸವೆತ ಸುಮಾರು ನಾಲ್ಕು ಪಟ್ಟು ಎಂದು 1972ರಲ್ಲಿ ಪ್ರಕಟವಾದ ಟಾಲ್‌ಗ್ರೆನ್ ಅವರ ದೀರ್ಘಾವಧಿ ಅಧ್ಯಯನ ತೋರಿಸಿತು. ಕೆಳಗಿನ ಹಲ್ಲಿನ ಸೆಟ್ಟು ಬೇಗ ಸಡಿಲವಾಗಲು ಇದೇ ಮುಖ್ಯ ಕಾರಣ. ಮಧುಮೇಹಿಗಳಲ್ಲಿ ಅನೇಕರಿಗೆ ಬಾಯಿಯೂ ಒಣಗುತ್ತದೆ; ಜೊಲ್ಲು ಸಾಲದೆ ಸೆಟ್ಟು ನಿಲ್ಲುವುದಿಲ್ಲ, ಅಡಿಯ ವಸಡು ಉಜ್ಜಿ ಹುಣ್ಣಾಗುತ್ತದೆ. ಅಗಿಯಲಾಗದವರು ಕೋಸಂಬರಿ, ಹಸಿ ತರಕಾರಿ ಬಿಟ್ಟು ಮೆತ್ತನೆಯ ಅನ್ನ, ಗಂಜಿಗೆ ಇಳಿಯುತ್ತಾರೆ. ಸಕ್ಕರೆಯ ಹತೋಟಿಗೆ ಇದಕ್ಕಿಂತ ಕೆಟ್ಟ ಪಥ್ಯ ಸಿಗುವುದು ಕಷ್ಟ.

ಇಂಥ ಸಡಿಲ ಸೆಟ್ಟಿಗೆ ಆಧಾರವಾಗುವುದು ಇಂಪ್ಲಾಂಟ್, ಅಂದರೆ ದವಡೆಯ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ತಿರುಪು. ಟೈಟಾನಿಯಂ ಜೀವಂತ ಮೂಳೆಯೊಂದಿಗೆ ನೇರವಾಗಿ ಬೆಸೆದುಕೊಳ್ಳುವ ಗುಣವನ್ನು ಆಧರಿಸಿ ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಕೂರಿಸಿದರು. ಮಧುಮೇಹ ತೊಡಕಾಗುವುದು ಈ ಬೆಸುಗೆಗೇ. ಏರಿದ ಸಕ್ಕರೆ ಕೊಲ್ಲಾಜೆನ್‌ನಂಥ ಪ್ರೋಟೀನುಗಳಿಗೆ ಅಂಟಿಕೊಂಡು ಉಂಟಾಗುವ ಸಂಯುಕ್ತಗಳು ಉರಿಯೂತವನ್ನು ಕೆರಳಿಸುತ್ತವೆ, ಮೂಳೆ ಕಟ್ಟುವ ಕೋಶಗಳ ಕೆಲಸ ಕುಂದುತ್ತದೆ, ಸೂಕ್ಷ್ಮ ರಕ್ತನಾಳಗಳೂ ಹಾಳಾಗುತ್ತವೆ.

ಹೀಗಿದ್ದರೂ ಕಳೆದ ಕೆಲವು ತಿಂಗಳ ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಶೇ. 8 ದಾಟಿದವರಿಗೆ ಇಂಪ್ಲಾಂಟ್ ಬೇಡವೇ ಬೇಡ ಎನ್ನುವ ರೂಢಿಗೆ ಪುರಾವೆ ತೆಳು. ಟೆಕ್ಸಾಸ್‌ನ ಓಟ್ಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಲ್ಲಿಲ್ಲದ 117 ಮಂದಿಯ ಕೆಳದವಡೆಗೆ ತಲಾ ಎರಡು ಇಂಪ್ಲಾಂಟ್ ಹಾಕಿ, ನಾಲ್ಕು ತಿಂಗಳು ಭಾರ ಹೊರಿಸದೆ ಬಿಡಲಾಯಿತು. ಒಂದು ವರ್ಷದ ಬಳಿಕ ಹತೋಟಿ ತಪ್ಪಿದ ಮಧುಮೇಹಿಗಳಲ್ಲೂ ಇಂಪ್ಲಾಂಟುಗಳು ಮಧುಮೇಹವಿಲ್ಲದವರಷ್ಟೇ ಉಳಿದಿದ್ದವು. ಕಂಡ ವ್ಯತ್ಯಾಸ ವೇಗದ್ದು: ಹತೋಟಿ ತಪ್ಪಿದವರಲ್ಲಿ ಇಂಪ್ಲಾಂಟ್ ಸ್ಥಿರವಾಗಲು ಹೆಚ್ಚು ಕಾಲ ಹಿಡಿಯಿತು. ಆದರೆ ಈ ಅಧ್ಯಯನಕ್ಕೂ ಮಿತಿಗಳಿವೆ: ಹತೋಟಿ ತಪ್ಪಿದವರ ಗುಂಪು ಚಿಕ್ಕದು, ಅವಧಿ ಒಂದೇ ವರ್ಷ, ಮೂಳೆಯೂ ಗಟ್ಟಿಯಾದ ಮುಂಭಾಗದ ಕೆಳದವಡೆಯದು. ಮೇಲ್ದವಡೆಯ ಹಿಂಭಾಗದ ಸಡಿಲ ಮೂಳೆಗಾಗಲಿ, ಹಾಕಿದ ದಿನವೇ ಹಲ್ಲು ಕೂರಿಸುವ ವಿಧಾನಕ್ಕಾಗಲಿ ಈ ಫಲಿತಾಂಶವನ್ನು ಎಳೆಯಲಾಗದು.

ಕೆಳದವಡೆಗೆ ಎರಡು ಇಂಪ್ಲಾಂಟ್ ಮತ್ತು ಅವಕ್ಕೆ ಸಿಕ್ಕಿಸಿ ತೆಗೆಯಬಹುದಾದ ಸೆಟ್ಟನ್ನೇ ಮೊದಲ ಆಯ್ಕೆಯಾಗಿ 2002ರ ಮೆಕ್‌ಗಿಲ್ ಒಮ್ಮತ ಸೂಚಿಸಿತು. ಮಧುಮೇಹಿಗೆ ಇದು ಇನ್ನೂ ಹೊಂದುತ್ತದೆ. ಶಸ್ತ್ರಚಿಕಿತ್ಸೆ ಸಣ್ಣದು, ಕಣ್ಣು ಮಂಜಾದವರೂ ಸೆಟ್ಟನ್ನು ತೆಗೆದು ತೊಳೆಯಬಹುದು. ಶಸ್ತ್ರಚಿಕಿತ್ಸೆಯ ದಿನ ಮಾತ್ರ ಏರಿದ ಸಕ್ಕರೆಗಿಂತ ಇಳಿದ ಸಕ್ಕರೆ ತಕ್ಷಣದ ಅಪಾಯ. ಆದ್ದರಿಂದ ತಿಂಡಿ ತಿಂದು, ವೈದ್ಯರು ಹೇಳಿದಂತೆ ಔಷಧ ತೆಗೆದುಕೊಂಡು ಬೆಳಗಿನ ಹೊತ್ತು ಬರುವುದು ಲೇಸು.

ಮುಂದಿನ ವರ್ಷಗಳಲ್ಲಿ ಕಾಡುವುದು ಇಂಪ್ಲಾಂಟ್ ಸುತ್ತಲಿನ ವಸಡು, ಮೂಳೆಗಳ ಸೋಂಕು. ನೋವು ಹೆಚ್ಚಿಲ್ಲದೆ ಬೆಳೆಯುವ ಇದು ಸಕ್ಕರೆ ಏರಿದವರಲ್ಲಿ ಹೆಚ್ಚು. ಸೆಟ್ಟನ್ನು ಹಿಡಿದಿಡುವ ನೈಲಾನ್ ಭಾಗಗಳು ಹೇಗೂ ಸವೆಯುತ್ತವೆ. ಅವನ್ನು ಬದಲಿಸಲು ಬಂದಾಗಲೇ ವಸಡನ್ನು ಪರೀಕ್ಷಿಸಿ ಎಚ್‌ಬಿಎ1ಸಿ ವರದಿಯನ್ನೂ ನೋಡಬಹುದು.