ಗುಪ್ತ ನಾಣ್ಯಗಳ ಗುಣದೋಷ ವಿಚಾರ

ಕ್ರಿ. ಶ. 1748ನೆಯ ಇಸವಿಯಲ್ಲಿ ಸ್ಕಾಟ್ಲೆಂಡಿನ ಹ್ಯೂ ಕ್ರಾಫರ್ಡ್ ಎಂಬ ಗೃಹಸ್ಥನು 20 ಪೌಂಡುಗಳ ಎರಡು ನೋಟುಗಳನ್ನು ಅಂಚೆಯ ಮೂಲಕ ಗ್ಲಾಸ್ಗೋ ನಗರಕ್ಕೆ ಕಳುಹಿದನು. ಜಾಗರೂಕನಾದ ಆತನು ನೋಟುಗಳ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅವುಗಳ ಮೇಲೆ ತನ್ನ ಹೆಸರನ್ನೂ ಬರೆದಿದ್ದನು. ಆದರೂ ನೋಟುಗಳು ದಾರಿಯಲ್ಲಿ ಕಾಣೆಯಾದುವು. ಅವುಗಳಲ್ಲೊಂದು ಮುಂದೆ ರಾಯಲ್ ಬ್ಯಾಂಕಿಗೆ ಬಂದು ಸೇರಲು, ಅದು ತನ್ನದೆಂದು ಕ್ರಾಫರ್ಡನು ವ್ಯಾಜ್ಯ ಹೂಡಿದನು. 1749ರಲ್ಲಿ ನ್ಯಾಯಸ್ಥಾನವು ಬ್ಯಾಂಕಿನ ಪಕ್ಷವಾಗಿ ತೀರ್ಪಿತ್ತಿತು. ಕೈಗೆ ಬಂದ ಪ್ರತಿಯೊಂದು ನೋಟಿನ ಪೂರ್ವಚರಿತ್ರೆಯನ್ನು ವಿಚಾರಿಸಬೇಕಾದಲ್ಲಿ ಹಣದ ಚಲಾವಣೆಯೇ ನಿಂತುಹೋಗುವುದೆಂಬುದು ಆ ತೀರ್ಪಿನ ತಿರುಳು. ಹಣವು ತನ್ನ ಹಿಂದಿನ ಒಡೆಯನನ್ನು ಮರೆಯಬೇಕು. ಆ ಮರೆವೇ ಅದರ ಬಲವು.

ಈ ಮರೆವು ವ್ಯಾಪಾರಿಗೆ ಎಷ್ಟು ಹಿತವೋ ಸರಕಾರಕ್ಕೆ ಅಷ್ಟೇ ಶಂಕಾಸ್ಪದವಾಗಿ ತೋರಿದೆ. ಭರತಖಂಡದ ಸಾಹುಕಾರರಲ್ಲಿ ಬಹುಕಾಲದಿಂದ ನಡೆದುಬಂದ ಹುಂಡಿಗಳಲ್ಲಿ ಶಾಹಜೋಗ ಹುಂಡಿಯ ಹಣವು ಪೇಟೆಯಲ್ಲಿ ಮಾನ್ಯನಾದ ಶಾಹನಿಗೇ ಸಲ್ಲತಕ್ಕುದಾದುದರಿಂದ, ಹಣವು ಯಾರ ಕೈ ಸೇರಿತೆಂಬುದನ್ನು ಅನಂತರ ಕಂಡುಹಿಡಿಯಬಹುದಾಗಿತ್ತು. ಹಿಡಿದು ತಂದವನಿಗೇ ಸಲ್ಲುವ ಹುಂಡಿಯಲ್ಲಿ ಅಂತಹ ಗುರುತಿಲ್ಲ. 1934ರ ರಿಸರ್ವ್ ಬ್ಯಾಂಕು ಕಾಯಿದೆಯ 31ನೆಯ ಪ್ರಕರಣವು, ಬೇಡಿದೊಡನೆ ತಂದವನಿಗೆ ಹಣ ಕೊಡತಕ್ಕ ಹುಂಡಿಯನ್ನು ಖಾಸಗಿ ಜನರು ಬರೆಯಕೂಡದೆಂದು ವಿಧಿಸಿತು. ನೋಟಿನ ಗುಟ್ಟೂ ಸರಕಾರವನ್ನು ಕಾಡದೆ ಬಿಡಲಿಲ್ಲ. 1946, 1978 ಮತ್ತು 2016ನೆಯ ಇಸವಿಗಳಲ್ಲಿ ದೊಡ್ಡ ಮೊತ್ತದ ನೋಟುಗಳು ರದ್ದಾದುವು. ಆದರೆ 2016ರಲ್ಲಿ ರದ್ದಾದ ಸುಮಾರು 15.41 ಲಕ್ಷ ಕೋಟಿ ರೂಪಾಯಿಗಳಲ್ಲಿ 15.31 ಲಕ್ಷ ಕೋಟಿಯು ಬ್ಯಾಂಕುಗಳಿಗೆ ಹಿಂದಿರುಗಿತು. ಬಲೆಯನ್ನು ಎಷ್ಟು ಅಗಲವಾಗಿ ಬೀಸಿದರೂ ಹಿಡಿಯಬೇಕಾದ ಮೀನೇ ಸಿಕ್ಕುವುದೆಂಬ ಭರವಸೆಯಿಲ್ಲ.

ಯಂತ್ರಗಣಕಗಳ ಯುಗದಲ್ಲಿ ಈ ಹಳೆಯ ವಿವಾದವು ಹೊಸ ರೂಪವನ್ನು ತಾಳಿತು. 1982ರಲ್ಲಿ ಅಮೆರಿಕಾದ ಗಣಿತಜ್ಞ ಡೇವಿಡ್ ಚೌಮ್ ‘ಕುರುಡು ಸಹಿ’ ಎಂಬ ಉಪಾಯವನ್ನು ಸೂಚಿಸಿದನು. ಲಕೋಟೆಯೊಳಗೆ ಕಾಗದದ ಮೇಲೆ ಮಸಿಹಾಳೆಯನ್ನಿಟ್ಟು, ಲಕೋಟೆಯ ಹೊರಗೆ ಬರೆದ ಸಹಿಯು ಒಳಗಿನ ಕಾಗದಕ್ಕೆ ಇಳಿಯುವಂತೆ ಮಾಡುವುದಕ್ಕೆ ಇದನ್ನು ಹೋಲಿಸಬಹುದು. ಬ್ಯಾಂಕು ನಾಣ್ಯವನ್ನು ಪ್ರಮಾಣೀಕರಿಸಿದರೂ ಅದನ್ನು ವೆಚ್ಚ ಮಾಡಿದವನಾರೆಂಬುದನ್ನು ಅರಿಯದು. ಆತನು 1989ರಲ್ಲಿ ಸ್ಥಾಪಿಸಿದ ಡಿಜಿಕ್ಯಾಶ್ ಸಂಸ್ಥೆಯು 1998ರಲ್ಲಿ ದಿವಾಳಿಯಾಯಿತು. 2009ರಲ್ಲಿ ಸಾತೋಶಿ ನಾಕಾಮೋಟೋ ಎಂಬ ಗುಪ್ತನಾಮದವರು ಚಲಾವಣೆಗೆ ತಂದ ಬಿಟ್‌ಕಾಯಿನ್ ಗುಪ್ತವಾದುದೆಂದು ಹಲವರು ನಂಬಿದರು. ವಾಸ್ತವದಲ್ಲಿ ಅದು ಊರ ಚಾವಡಿಯಲ್ಲಿ ಎಲ್ಲರಿಗೂ ಕಾಣುವಂತೆ ತೆರೆದಿಟ್ಟ ಕಿರ್ದಿ ಪುಸ್ತಕದಂತಿದೆ. ಹೆಸರಿನ ಬದಲು ಸಂಕೇತಗಳಿರುವುವು; ಒಂದು ಸಂಕೇತದ ಒಡೆಯನು ತಿಳಿದೊಡನೆ ಅದರ ವ್ಯವಹಾರವೆಲ್ಲವೂ ಬಯಲಾಗುವುದು. 2016ರಲ್ಲಿ ಬಿಟ್‌ಫಿನೆಕ್ಸ್ ವಿನಿಮಯಕೇಂದ್ರದಿಂದ ಕಳುವಾದ ಸುಮಾರು 1,20,000 ಬಿಟ್‌ಕಾಯಿನ್‌ಗಳಲ್ಲಿ 94,000ಕ್ಕೂ ಹೆಚ್ಚಿನವು 2022ರಲ್ಲಿ ಅಮೆರಿಕಾ ಸರಕಾರದ ವಶವಾದುದು ಇಂತಹ ಜಾಡನ್ನು ಹಿಡಿದೇ.

ಈ ಬಯಲನ್ನು ಮುಚ್ಚುವುದಕ್ಕಾಗಿ ಹುಟ್ಟಿದವು ಗುಪ್ತ ನಾಣ್ಯಗಳು. 2014ರ ಏಪ್ರಿಲಿನಲ್ಲಿ ಮೊನೇರೋ ಜನಿಸಿತು. ಎಸ್ಪೆರಾಂಟೋ ಭಾಷೆಯಲ್ಲಿ ಆ ಮಾತಿಗೆ ನಾಣ್ಯವೆಂದೇ ಅರ್ಥ. ಅದರಲ್ಲಿ ನಿಜವಾದ ಸಹಿಯು ಹಲವು ಹುಸಿ ಸಹಿಗಳ ಗುಂಪಿನಲ್ಲಿ ಅಡಗುವುದು. ಪಡೆಯುವವನ ವಿಳಾಸವು ಪ್ರತಿಸಲವೂ ಹೊಸದಾಗುವುದು. 2017ರಿಂದ ಮೊತ್ತವನ್ನು ಮರೆಮಾಡುವ ಉಪಾಯವೂ ಕೂಡಿಕೊಂಡಿತು. 2016ರ ಅಕ್ಟೋಬರಿನಲ್ಲಿ ಬಂದ ಝೀಕ್ಯಾಶ್ ಬೇರೊಂದು ಮಾರ್ಗವನ್ನು ಹಿಡಿಯಿತು. ಅದರಲ್ಲಿ ಬಹಿರಂಗ ವ್ಯವಹಾರವೂ ಉಂಟು, ಮುಚ್ಚಿದ ವ್ಯವಹಾರವೂ ಉಂಟು. ಒಳವಿವರವನ್ನು ಹೇಳದೆಯೇ ಲೆಕ್ಕವು ಸರಿಯಾಗಿದೆಯೆಂದು ಗಣಿತದಿಂದ ಸಿದ್ಧಪಡಿಸಬಹುದು. ಬೇಕಾದವರಿಗೆ ಮಾತ್ರ ‘ನೋಡುವ ಬೀಗದಕೈ’ಯನ್ನು ಕೊಟ್ಟು ಲೆಕ್ಕವನ್ನು ತೋರಿಸಲೂಬಹುದು.

ಇಂತಹ ನಾಣ್ಯದಿಂದ ಪ್ರಯೋಜನವಿಲ್ಲವೆನ್ನಲಾಗದು. ಗೃಹಸ್ಥನ ಸಂಬಳವೆಷ್ಟು, ವೈದ್ಯನಿಗೆ ಆತನು ತೆತ್ತುದೆಷ್ಟು, ಯಾವ ಪಕ್ಷಕ್ಕೆ ಚಂದಾ ಕೊಟ್ಟನು ಎಂಬುದು ಲೋಕಕ್ಕೆಲ್ಲ ತಿಳಿಯಬೇಕಾದುದಲ್ಲ. ಪ್ರಜೆಗಳನ್ನು ಪೀಡಿಸುವ ಪ್ರಭುತ್ವದಡಿಯಲ್ಲಿ ಈ ಗುಟ್ಟು ಪ್ರಾಣರಕ್ಷಕವೇ ಆಗಬಹುದು. ಮೇಲಾಗಿ, ಬಿಟ್‌ಕಾಯಿನ್ ಎಂದೋ ಕಳ್ಳನ ಕೈ ದಾಟಿ ಬಂದುದಾದರೆ ಇಂದಿನ ನಿರಪರಾಧಿ ಒಡೆಯನಿಗೆ ತೊಡಕುಂಟಾಗುವುದು. ಗುಪ್ತ ನಾಣ್ಯಗಳಲ್ಲಾದರೋ ಕ್ರಾಫರ್ಡನ ವ್ಯಾಜ್ಯದ ನ್ಯಾಯವೇ ನೆಲೆಸಿರುವುದು.

ಇನ್ನೊಂದು ತಟ್ಟೆಯೂ ಹಗುರವಲ್ಲ. 2017ರಲ್ಲಿ ವಾನಾಕ್ರೈ ಎಂಬ ಗಣಕದ ಪಿಡುಗು ಇಂಗ್ಲೆಂಡಿನ ಆಸ್ಪತ್ರೆಗಳನ್ನೂ ಕಂಗೆಡಿಸಿತು. ಅದರಿಂದ ಸುಲಿದ ಹಣವು ಮುಂದೆ ಮೊನೇರೋವಿಗೆ ಬದಲಾಯಿತು. ಅಲ್ಲಿಗೆ ಪೋಲೀಸರ ದಾರಿ ದುರ್ಗಮವಾಯಿತು. ಆದುದರಿಂದ ಸರಕಾರಗಳು ಎಚ್ಚೆತ್ತುವು. 2019ರಲ್ಲಿ ಅಂತಾರಾಷ್ಟ್ರೀಯ ಹಣಕಾಸು ಕಾರ್ಯಪಡೆಯು, ನಾಣ್ಯವನ್ನು ಕಳುಹುವವರ ಹಾಗೂ ಪಡೆಯುವವರ ವಿವರಗಳನ್ನು ವಿನಿಮಯಕೇಂದ್ರಗಳು ದಾಖಲಿಸಬೇಕೆಂದಿತು. 2021ರಲ್ಲಿ ದಕ್ಷಿಣ ಕೊರಿಯಾ ತನ್ನ ವಿನಿಮಯಕೇಂದ್ರಗಳಲ್ಲಿ ಗುಪ್ತ ನಾಣ್ಯಗಳನ್ನು ನಿಷೇಧಿಸಿತು. 2024ರಲ್ಲಿ ಯೂರೋಪಿನ ಒಕ್ಕೂಟವು ರಚಿಸಿದ ಕಾನೂನಿನಂತೆ 2027ರ ಜುಲೈ ತಿಂಗಳಿಂದ ಅಲ್ಲಿಯ ಸಂಸ್ಥೆಗಳು ಇವುಗಳ ಖಾತೆಗಳನ್ನು ನಡೆಸುವಂತಿಲ್ಲ. ಭಾರತದಲ್ಲಿ 2023ರ ಮಾರ್ಚಿಯಿಂದ ಕ್ರಿಪ್ಟೋ ನಾಣ್ಯಗಳ ವಿನಿಮಯವು ಅಕ್ರಮ ಹಣ ತಡೆ ಕಾಯಿದೆಗೆ ಒಳಪಟ್ಟಿದೆ.

ಆದರೆ ದಂಡಕ್ಕೂ ಮಿತಿಯುಂಟೆಂಬುದನ್ನು ಇತಿಹಾಸವು ತೋರಿಸಿದೆ. ಜಾಡನ್ನು ಕಲಸಿಬಿಡುವ ಟೊರ್ನೇಡೋ ಕ್ಯಾಶ್ ಎಂಬ ವ್ಯವಸ್ಥೆಗೆ ಅಮೆರಿಕಾ ಸರಕಾರವು 2022ರ ಆಗಸ್ಟಿನಲ್ಲಿ ಬಹಿಷ್ಕಾರ ಹಾಕಿತು. ಯಾರ ಸ್ವತ್ತೂ ಅಲ್ಲದ, ಬದಲಿಸಲಾಗದ ಕ್ರಮವಿಧಿಗೆ ಆ ಕಾನೂನು ಅನ್ವಯಿಸದೆಂದು 2024ರ ನವೆಂಬರಿನಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯವು ಹೇಳಿತು. 2025ರ ಮಾರ್ಚಿಯಲ್ಲಿ ಬಹಿಷ್ಕಾರವು ತೆಗೆಯಲ್ಪಟ್ಟಿತು.

ಈ ತೂಕಕ್ಕೆ ಬೇಕಾದ ತಕ್ಕಡಿಯನ್ನು ಒದಗಿಸಿದವರಲ್ಲಿ ಕನ್ನಡನಾಡಿನ ಹಿರಿಯರೊಬ್ಬರ ಹೆಸರು ಸ್ಮರಣೀಯವಾಗಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕಿಗೆ ತಡೆಯೊಡ್ಡುವ ಸರಕಾರಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ತಡೆಯು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಇದರಂತೆ ನೋಡಿದರೆ, ವಿನಿಮಯಕೇಂದ್ರದ ಬಾಗಿಲಲ್ಲಿ ಗಿರಾಕಿಯ ಗುರುತನ್ನು ಕೇಳುವುದು ಯುಕ್ತವೆನಿಸುವುದು; ಗುಟ್ಟನ್ನು ಕಾಪಾಡುವ ಗಣಿತವನ್ನೇ ಅಪರಾಧವೆನ್ನುವುದು ಅತಿಯಾಗುವುದು. ನ್ಯಾಯಾಧೀಶರ ಅಪ್ಪಣೆಯಾದಾಗ ಮಾತ್ರ ತೆರೆಯುವ ಬೀಗದಕೈಯು ಇವೆರಡರ ನಡುವಣ ದಾರಿಯಾಗಬಹುದು. ಆದರೆ ಅದನ್ನು ಕೊಡಲೊಪ್ಪದ ಕಳ್ಳನ ಮುಂದೆ ಆ ದಾರಿಯೂ ಮುಚ್ಚಿಹೋಗುವುದೆಂಬುದನ್ನು ಮರೆಯುವಂತಿಲ್ಲ. ಕಳ್ಳನು ಕತ್ತಲನ್ನು ಬಯಸುವನು ನಿಜ. ಹಾಗೆಂದು ಊರಿನ ಮನೆಗಳಿಗೆಲ್ಲ ಬಾಗಿಲೇ ಬೇಡವೆನ್ನುವ ತಳವಾರನನ್ನು ಯಾರೂ ಮೆಚ್ಚರು.