ಅರಿಸಮಾಸ: ಒಂದು ಪದದ ಅರ್ಥ ಮತ್ತು ಬಳಕೆ

ಒಂದಕ್ಕೊಂದು ಹೊಂದದ ಪದಗಳ ಕೂಟಕ್ಕೆ ನಮ್ಮ ವೈಯಾಕರಣರು ಇಟ್ಟ ಹೆಸರು ಅರಿಸಮಾಸ. ಅರಿ ಎಂದರೆ ಹಗೆ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಒಂದೇ ಸಮಾಸದಲ್ಲಿ ಬೆಸೆದರೆ ಅವು ಹಗೆಗಳಂತೆ ನಿಲ್ಲುತ್ತವೆಂಬುದು ಅದರ ತಾತ್ಪರ್ಯ. (ಹೆಸರಿನ ಎರಡು ಅಂಗಗಳೂ ಸಂಸ್ಕೃತವೇ ಆದುದರಿಂದ ಅದಕ್ಕೆ ಮಾತ್ರ ಈ ದೋಷ ತಟ್ಟದು.) ಶಾಲೆಯ ವ್ಯಾಕರಣವು ಇದನ್ನು ದೋಷವೆಂದು ಹೇಳಿ ಮುಂದೆ ಸಾಗುತ್ತದೆ. ಚರಿತ್ರೆಯ ಅಭ್ಯಾಸಿಗೆ ಅಷ್ಟು ಸಾಲದೆಂಬುದು ನಮ್ಮ ಅಭಿಪ್ರಾಯ.

ಸು. 850ರ ಕವಿರಾಜಮಾರ್ಗವು ಇಂತಹ ಬೆರಕೆಯನ್ನು, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದುದಕ್ಕೆ ಹೋಲಿಸುತ್ತದೆ. ಹೋಲಿಕೆ ಅಡಿಗೆಮನೆಯದು, ರಣರಂಗದ್ದಲ್ಲ. ಕೆಡುವುದು ರಸ, ಕುಲವಾಗಲಿ ದೇಶವಾಗಲಿ ಅಲ್ಲ. ಸು. 1260ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ನಿಯಮವನ್ನು ಬಿಗಿಗೊಳಿಸಿದನಾದರೂ ಬಿರುದಾವಳಿಗಳಿಗೆ ವಿನಾಯಿತಿ ಕೊಟ್ಟನು. ಈ ವಿನಾಯಿತಿಯೇ ನಮಗೆ ಮುಖ್ಯ. ಅರಸರೂ ಸಾಮಂತರೂ ತಮ್ಮ ಬಿರುದುಗಳನ್ನು ವೈಯಾಕರಣರನ್ನು ಕೇಳಿ ಧರಿಸಿದವರಲ್ಲ. ಕನ್ನಡದ ‘ಗಂಡ’ನಿಗೆ ಸಂಸ್ಕೃತದ ‘ಭೇರುಂಡ’ ಸೇರಿ ಗಂಡಭೇರುಂಡವಾಯಿತು. 1047ರಲ್ಲಿ ಚಾಮುಂಡರಾಯರಸನು ನಿಲ್ಲಿಸಿದ ಬಳ್ಳಿಗಾವೆಯ ಕಂಬದ ಮೇಲೆ ಆ ಪಕ್ಷಿಯಿದೆ. ಮೈಸೂರು ಒಡೆಯರ ಲಾಂಛನದಲ್ಲಿದ್ದು, ಇಂದು ಕರ್ನಾಟಕ ರಾಜ್ಯದ ಲಾಂಛನದಲ್ಲಿಯೂ ಇದೆ.

ಬಿರುದುಗಳಲ್ಲಿ ಕಂಡ ಈ ಸ್ವಾತಂತ್ರ್ಯವು ಊರುಗಳ ಹೆಸರುಗಳಲ್ಲಿ ಹೇಗಿದೆಯೆಂಬುದಕ್ಕೆ ಬೆಂಗಳೂರಿನ ಪೂರ್ವದ ಮಹದೇವಪುರವನ್ನು ನೋಡಬಹುದು. ಮಹಾದೇವನನ್ನು ಮಹದೇವನನ್ನಾಗಿ ಮಾಡಿದುದು ಕನ್ನಡದ ನಾಲಿಗೆ. ‘ಪುರ’ ಮಾತ್ರ ಸಂಸ್ಕೃತವಾಗಿಯೇ ಉಳಿಯಿತು. ನೆರೆಯ ಸಿಂಗಯ್ಯನಪಾಳ್ಯದಲ್ಲಿ ಸಿಂಹವು ಸಿಂಗವಾದ ಬಳಿಕವೇ ಕನ್ನಡದ ಪಾಳ್ಯವನ್ನು ಸೇರಿದೆ. ತದ್ಭವದೊಡನೆ ಕನ್ನಡ ಕೂಡಬಹುದೆಂಬ ಸೂತ್ರವನ್ನು ಓದದೆಯೇ ಊರವರು ಅದನ್ನು ಪಾಲಿಸಿದ್ದಾರೆ! ಅದೇ ಪ್ರದೇಶದ ಫಲಕಗಳಲ್ಲಿ ಕಾಣುವ ‘ವೈಟ್‌ಫೀಲ್ಡ್ ಮುಖ್ಯರಸ್ತೆ’ಯ ಕಥೆ ಬೇರೆ. ಮೊದಲನೆಯ ಪದವು 1882ರಲ್ಲಿ ನೆಲೆಗೊಂಡ ಆಂಗ್ಲೋ-ಇಂಡಿಯನ್ ವಸಾಹತಿನದು, ಡಿ. ಎಸ್. ವೈಟ್ ಎಂಬುವರ ಹೆಸರಿನಿಂದ ಬಂದುದು; ‘ಮುಖ್ಯ’ ಸಂಸ್ಕೃತ, ‘ರಸ್ತೆ’ ಪಾರಸಿಯದು. ಮೂರು ಆಳ್ವಿಕೆಗಳ ಭಾಷೆಗಳು ಒಂದೇ ಹಲಗೆಯ ಮೇಲೆ ಜಗಳವಿಲ್ಲದೆ ನಿಂತಿವೆ.

ಇದಕ್ಕಿಂತಲೂ ಕುತೂಹಲಕರವಾದುದು ‘ಜಿಲ್ಲಾಧಿಕಾರಿ’. ಅರಬ್ಬೀ ಮೂಲದ ಜಿಲ್ಲೆಗೆ ಸಂಸ್ಕೃತದ ಅಧಿಕಾರಿಯನ್ನು ಸೇರಿಸಿದ್ದಲ್ಲದೆ, ಸವರ್ಣದೀರ್ಘ ಸಂಧಿಯನ್ನೂ ಮಾಡಲಾಗಿದೆ. ಕೇಶಿರಾಜನು ಇದಕ್ಕೆ ಏನೆನ್ನುತ್ತಿದ್ದನೋ! ಆದರೆ ಹಿಂದೆ ಅರಸರ ಬಿರುದಿಗೆ ಸಂದ ವಿನಾಯಿತಿಯೇ ಇಂದು ಸರಕಾರದ ಹುದ್ದೆಗೂ ಸಂದಿದೆಯೆಂದು ನಾವು ತಿಳಿಯುತ್ತೇವೆ. ಕಾವ್ಯದ ಕಿವಿಗಾಗಿ ಹುಟ್ಟಿದ ನಿಯಮವನ್ನು ಆಡಳಿತದ ಮಾತಿಗೆ ಹಚ್ಚಿ, ಬೆರಕೆಯೆಲ್ಲವೂ ಭಾಷೆಯ ಅವನತಿಯೆಂದು ತರಗತಿಯಲ್ಲಿ ಬೋಧಿಸುವುದು ಆ ವೈಯಾಕರಣರಿಗೂ ಮಾಡುವ ಅನ್ಯಾಯ. ‘ಮುಖ್ಯರಸ್ತೆ’ಯನ್ನು ಅರಿಸಮಾಸವೆಂದು ಗುರುತಿಸಿದ ವಿದ್ಯಾರ್ಥಿಗೆ ಅಂಕ ಕೊಡೋಣ, ಅದರ ಬೆನ್ನಿಗೇ, ‘ರಸ್ತೆ’ ಯಾರೊಡನೆ ಈ ನಾಡಿಗೆ ಬಂದಿತು, ‘ಬೀದಿ’ಯಿದ್ದ ಊರಿಗೆ ಅದು ಏಕೆ ಬೇಕಾಯಿತು ಎಂದೂ ಕೇಳೋಣ.