ಹಾರ್ಲೆಮ್ ಆಸ್ಪತ್ರೆಯ ಭಿತ್ತಿಚಿತ್ರಗಳು

ಅಮೆರಿಕದ ನ್ಯೂಯಾರ್ಕ್ ನಗರದ ಹಾರ್ಲೆಮ್ ಆಸ್ಪತ್ರೆಗಾಗಿ 1936ರಿಂದ ರಚನೆಯಾದ ಭಿತ್ತಿಚಿತ್ರಗಳು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಕಲಾವಿದರಿಗೆ ಕೆಲಸ ಒದಗಿಸಲು ಸರ್ಕಾರ ಹಮ್ಮಿಕೊಂಡ ಕಲಾ ಯೋಜನೆಯಡಿ ಮೂಡಿದವು. ಮೇಲ್ವಿಚಾರಕ ಚಾರ್ಲ್ಸ್ ಆಲ್ಸ್ಟನ್. ವರ್ಟಿಸ್ ಹೇಯ್ಸ್, ಜಾರ್ಜೆಟ್ ಸೀಬ್ರೂಕ್, ಇಟಲಿ ಮೂಲದ ಆಲ್ಫ್ರೆಡ್ ಕ್ರಿಮಿ ಇತರ ಮುಖ್ಯ ಕಲಾವಿದರು.

ಕರಡು ಚಿತ್ರಗಳಲ್ಲಿ ಕಪ್ಪುಜನರ ಬದುಕೇ ಅತಿಯಾಯಿತೆಂದು ಆಸ್ಪತ್ರೆಯ ಅಧೀಕ್ಷಕರು ನಾಲ್ಕನ್ನು ತಿರಸ್ಕರಿಸಿದರು. ಕಪ್ಪುಜನರೇ ತುಂಬಿದ್ದ ಹಾರ್ಲೆಮ್‌ನಲ್ಲಿ ಇಂಥ ಆಕ್ಷೇಪ ವಿಚಿತ್ರವೇ ಸರಿ. ಕಲಾವಿದರು ಬಹಿರಂಗವಾಗಿ ಪ್ರತಿಭಟಿಸಿದರು. ಕೊನೆಗೆ ಕೆಲಸ ಮುಂದುವರಿಯಿತು.

ಆಲ್ಸ್ಟನ್‌ನ ಜೋಡಿಚಿತ್ರ ಈ ಮಾಲೆಯಲ್ಲೇ ಹೆಚ್ಚು ಪ್ರಸಿದ್ಧ. ಮೊದಲನೆಯದಾದ 'ಮ್ಯಾಜಿಕ್ ಇನ್ ಮೆಡಿಸಿನ್'ನಲ್ಲಿ ಆಫ್ರಿಕದ ಸಾಂಪ್ರದಾಯಿಕ ಚಿಕಿತ್ಸೆ: ಡೋಲು, ಕುಣಿತ, ನಡುವೆ ಫಾಂಗ್ ಜನಾಂಗದ ಶಿಲ್ಪ. 'ಮಾಡರ್ನ್ ಮೆಡಿಸಿನ್'ನಲ್ಲಿ ಶಿಲ್ಪದ ಜಾಗಕ್ಕೆ ಭಾರೀ ಸೂಕ್ಷ್ಮದರ್ಶಕ ಬಂದಿದೆ. ಕಪ್ಪು, ಬಿಳಿಯ ವೈದ್ಯರು ಒಟ್ಟಿಗೆ ದುಡಿಯುತ್ತಿದ್ದಾರೆ. ಮಗುವನ್ನೆತ್ತಿಕೊಂಡ ದಾದಿಯ ಚಿತ್ರಕ್ಕೆ ಮಾದರಿಯಾದವರು ಅದೇ ಆಸ್ಪತ್ರೆಯ ವೈದ್ಯೆ ಮೈರಾ ಲೋಗನ್. ಮುಂದೆ ಹೆಸರಾಂತ ಶಸ್ತ್ರವೈದ್ಯೆಯಾದ ಆಕೆ 1944ರಲ್ಲಿ ಆಲ್ಸ್ಟನ್‌ನನ್ನು ಮದುವೆಯಾದರು. ಆಕೆಯನ್ನು ದಾದಿಯಾಗಿ ಕಾಣಿಸಿದ್ದು ಮಾತ್ರ ಇಂದಿನ ನೋಡುಗರಿಗೆ ಕೊಂಚ ಇರಿಸುಮುರಿಸು ತರುತ್ತದೆ.

ಹೇಯ್ಸ್‌ನ 'ಪರ್ಸೂಟ್ ಆಫ್ ಹ್ಯಾಪಿನೆಸ್' ಆಫ್ರಿಕದ ಹಳ್ಳಿಯಿಂದ ಅಮೆರಿಕದ ನಗರದವರೆಗಿನ ಪಯಣವನ್ನು ಹಲವು ಫಲಕಗಳಲ್ಲಿ ಹೇಳುತ್ತದೆ. ಸೀಬ್ರೂಕ್ ಬರೆದದ್ದು ಹಾರ್ಲೆಮ್‌ನ ಬಿಡುವಿನ ವೇಳೆಯನ್ನು; ಕ್ರಿಮಿ, ಶಸ್ತ್ರಚಿಕಿತ್ಸಾ ಕೊಠಡಿಯನ್ನು.

ಕಾಲಾಂತರದಲ್ಲಿ ಹಾಳಾಗಿದ್ದ ಚಿತ್ರಗಳ ಜೀರ್ಣೋದ್ಧಾರ ನಡೆದು, 2012ರಲ್ಲಿ ತೆರೆದ ಆಸ್ಪತ್ರೆಯ ಹೊಸ ಕಟ್ಟಡದಲ್ಲಿ ಅವನ್ನು ಅಳವಡಿಸಲಾಗಿದೆ. ಹೇಯ್ಸ್‌ನ ಚಿತ್ರಭಾಗಗಳು ಅದರ ಗಾಜಿನ ಮುಂಭಾಗದಲ್ಲಿ ಹಲವು ಅಂತಸ್ತಿನೆತ್ತರಕ್ಕೆ ಹಿಗ್ಗಿ ಬೀದಿಗೂ ಕಾಣುತ್ತವೆ.